ಲೆವೆಲ್ ಪೈಪಿನ ಗಂಟಲು

ನಮ್ಮ ತಾಲ್ಲೂಕಿನ ಕಾಲುವೆಗಳಿಗೆ ನೀರು ಬರುವ ಮೊದಲು ನನ್ನ ಅಣ್ಣನ ದನಿ ಬರುತ್ತಿತ್ತು. ಶಹಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಮನೆಗೆ ಅಂಟಿಕೊಂಡೇ ಅವನದೊಂದು ಮೈಕ್‌ಸೆಟ್ ಅಂಗಡಿ. ನೀರು ಬಿಡುವ ದಿನ ಗೊತ್ತಾದೊಡನೆ ಟೆಂಪೋದ ನೆತ್ತಿಗೆ ಕಹಳೆಯಾಕಾರದ ಲೌಡ್‌ಸ್ಪೀಕರು, ಅಂದರೆ ನಮ್ಮ ಕಡೆಯ ಭೋಂಗಾ, ಕಟ್ಟಿಕೊಂಡು ಹೊರಡುತ್ತಿದ್ದ. "ಕಾಲುವಿ ದಂಡಿಗಿ ದನಾ ಬಿಡಬ್ಯಾಡ್ರಿ, ಮಕ್ಕಳ್ನ ಕಳಿಸಬ್ಯಾಡ್ರಿ, ನೀರು ಬರಾಕತ್ತದ" ಎಂದು ವನದುರ್ಗದ ಕೋಟೆಯ ಕಲ್ಲುಗಳಿಗೂ ತಿಳಿಸಿ ಬರುತ್ತಿದ್ದ. ನೀರು ಕೆಲವು ಸಲ ಬರುತ್ತಿರಲಿಲ್ಲ. ದನಿ ತಪ್ಪಿಸಿದ್ದಿಲ್ಲ. ನಾನು ಕಾಲುವೆ ಕಚೇರಿಯಲ್ಲಿ ಗುಮಾಸ್ತ. ನೀರು ಯಾಕೆ ಬರಲಿಲ್ಲವೆಂದು ಬರೆಯುವ ಕೆಲಸ ನನ್ನದು. ಹೀಗೆ ಒಂದೇ ಮನೆಯ ಇಬ್ಬರು ಘನ ಸರ್ಕಾರಕ್ಕೆ ಬಾಯಿಯೂ ಕೈಯೂ ಆಗಿದ್ದೆವು.

ಆಮೇಲೆ ಅಣ್ಣನ ಗಂಟಲಲ್ಲಿ ಗಡ್ಡೆ ಬೆಳೆಯಿತು. ಸೊಲ್ಲಾಪುರದ ಆಸ್ಪತ್ರೆಯೊಂದರಲ್ಲಿ ಕೊಯ್ದು ದನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು ಉಳಿಸಿದರು. ಜೀವ ಉಳಿದಿದೆ, ದನಿ ಇನ್ನು ಇಲ್ಲ ಎಂದು ಡಾಕ್ಟರು ಹೇಳುವಾಗ ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿದ್ದೆ. ಅದು ಒಂದು ಕಡೆ ವಾಲಿ ತಿರುಗುತ್ತಿತ್ತು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ಒಂದು ಫ್ಯಾನನ್ನು ಬಿಗಿ ಮಾಡುವವರಿಲ್ಲವಲ್ಲ ಎಂಬುದೇ ಆ ಹೊತ್ತಿಗೆ ನನಗೆ ಹೊಳೆದ ಮುಖ್ಯ ವಿಚಾರ. ಬೇರೇನೂ ಅನ್ನಿಸಲಿಲ್ಲ. ಆಗಾದರೂ ಅನ್ನಿಸೀತು, ಈಗಾದರೂ ಅನ್ನಿಸೀತು ಎಂದು ವಾಪಸು ಬರುವ ಬಸ್ಸಿನಲ್ಲಿ ಕಾದೆ. ಊರು ಬಂತು.

ಮನೆಯಲ್ಲಿ ಎಲ್ಲರೂ ಹಾಗೆಯೇ ಇದ್ದೆವು. ಅಣ್ಣನ ಹೆಂಡತಿ, ನನ್ನ ವೈನಿ, ರೊಟ್ಟಿ ಬಡಿದಳು, ಅಣ್ಣನ ಮಗಳು ಅಂಗಳ ಗುಡಿಸಿದಳು, ನಾನು ಕಚೇರಿಗೆ ಹೋಗಿ ಬಂದೆ. ಯಾರೂ ಅಳಲಿಲ್ಲ; ಅಳುವುದಕ್ಕೆ ಇನ್ನೂ ಮಂಜೂರಾತಿ ಬಂದಿಲ್ಲವೆಂಬಂತೆ. ಅಣ್ಣ ಕುತ್ತಿಗೆಗೊಂದು ಬಿಳಿ ಅರಿವೆ ಕಟ್ಟಿಕೊಂಡು ಅಂಗಡಿಯಲ್ಲಿ ಕೂರುತ್ತಿದ್ದ. ತುಟಿ ಆಡಿಸಿದರೆ ವೈನಿಗೆ ತಿಳಿಯುತ್ತಿತ್ತು, ನನಗೆ ಅರ್ಧ ತಿಳಿಯುತ್ತಿತ್ತು, ಗಿರಾಕಿಗಳಿಗೆ ಏನೂ ತಿಳಿಯುತ್ತಿರಲಿಲ್ಲ. ಮೈಕಿನವರು ಮೈಕ್ ಪರೀಕ್ಷೆ ಮಾಡುವುದು ಫೂ ಫೂ ಎಂದು ಊದಿ. ಅವನಿಗೆ ಊದುವುದೂ ಸಾಧ್ಯವಿರಲಿಲ್ಲ, ಉಸಿರು ಬಾಯಿಗೆ ಬಾರದೆ ಅರಿವೆಯ ಹಿಂದೆಯೇ ಮುಗಿಯುತ್ತಿತ್ತು. ಆದ್ದರಿಂದ ಉಗುರಿನಿಂದ ಮೈಕಿನ ಜಾಳಿಗೆಯನ್ನು ತಟ್ಟುತ್ತಿದ್ದ. ಟಕ್ ಟಕ್. ಅಷ್ಟೇ ಅವನ ಭಾಷಣ.

ಇಂಥದರಲ್ಲಿ ಮಗಳಿಗೆ ಸಂಬಂಧ ಕೂಡಿಬಂತು. ಗಂಡಿನವರು ಸುರಪುರದ ಕಡೆಯವರು, ಕುರಿ ಸಾಕುವ ಮನೆತನ. ಹುಡುಗ ಮಾಸ್ತರಿಕೆಗೆ ಸೇರಿದ್ದ. ನಮ್ಮಲ್ಲಿ ನಿಶ್ಚಯದ ದಿನ ಹೆಣ್ಣಿನ ತಂದೆ ಹಿರಿಯರೆದುರು ಬಾಯಿಬಿಟ್ಟು "ಕೊಟ್ಟೀವಿ" ಅನ್ನಬೇಕು. ಗಂಡಿನ ತಂದೆ "ತಗೊಂಡೀವಿ" ಅನ್ನಬೇಕು. ಆಮೇಲೆ ಸಕ್ಕರೆ. ಆ ಎರಡು ಮಾತು ಆಗದೆ ಸಕ್ಕರೆಗೆ ರುಚಿಯಿಲ್ಲ. ತಂದೆ ಇಲ್ಲದಿದ್ದರೆ ಕಾಕಾ ಹೇಳಬಹುದು. ತಂದೆ ಇದ್ದೂ ಮಾತಿಲ್ಲದಿದ್ದರೆ ಏನು ಎಂಬುದು ಯಾವ ಪದ್ಧತಿಯಲ್ಲೂ ಇರಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

"ನೀನೇ ಅಂದುಬಿಡು ಮೈದುನಾ," ಅಂದಳು ವೈನಿ. "ಒಂದು ಮಾತಿಗೆ ಯಾಕ ಇಷ್ಟು ರಗಳಿ."

ಅಣ್ಣ ಅಂಗೈಯಿಂದ ಮರದ ಬಾಕನ್ನು ಒಮ್ಮೆ ಬಡಿದ. ಮೇಲಿದ್ದ ಚಹಾದ ಬಸಿಗಳು ಕುಣಿದವು. ತನ್ನ ಎದೆ ತೋರಿಸಿದ, ಬಾಯಿ ತೋರಿಸಿದ. ವೈನಿ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಕಂಡವರ ಮದುವೆ, ಕಂಡವರ ಸಾವು, ಕಂಡವರ ನೀರು ಎಲ್ಲವನ್ನೂ ಸಾರಿದ ಬಾಯಿ ತನ್ನ ಮಗಳ ಒಂದು ಮಾತನ್ನು ಇನ್ನೊಬ್ಬನಿಗೆ ಬಿಟ್ಟುಕೊಡಲು ಒಪ್ಪಲಿಲ್ಲ. ಅದು ತುಟಿ ಓದಲು ಬಾರದವನಿಗೂ ತಿಳಿಯುವಂತಿತ್ತು.

ಇಲ್ಲಿ ನನ್ನ ಗಿಟಾರಿನ ವಿಷಯ ಹೇಳಬೇಕು. ಗುಲ್ಬರ್ಗಾದ ಒಂದು ಆರ್ಕೆಸ್ಟ್ರಾ ಒಡೆದು ಚೂರಾದಾಗ ಅದರ ಎಲೆಕ್ಟ್ರಿಕ್ ಗಿಟಾರು ನನ್ನ ಪಾಲಿಗೆ ಬಂದಿತ್ತು. ಶಹಾಪುರದಲ್ಲಿ ಅಂಥದು ಅದೊಂದೇ. ಜನ ಅದನ್ನು ದೊಡ್ಡ ಏಕತಾರಿ ಎಂದು ತಿಳಿದು ಭಜನೆಗೆ ಕರೆಯುತ್ತಿದ್ದರು, ನಾನೂ ಹೋಗುತ್ತಿದ್ದೆ. ನನ್ನ ವಾದನ ಕೇಳಿ ದೇವರು ಪ್ರತ್ಯಕ್ಷನಾದ ದಾಖಲೆಯಿಲ್ಲ. ಕಚೇರಿಗೆ ಮೈಸೂರು ಕಡೆಯ ಒಬ್ಬ ಎಳೆಯ ಎಂಜಿನಿಯರು ಬಂದಿದ್ದರು. ಅವರ ಕೋಣೆಯಲ್ಲಿ ಒಂದು ದಿನ ಪರದೇಶದ ಕ್ಯಾಸೆಟ್ಟು ಓಡುತ್ತಿತ್ತು. ಅದರಲ್ಲಿ ಗಿಟಾರು ಮನುಷ್ಯನಂತೆ ಮಾತಾಡಿತು.

"ಇದೇನ್ರಿ ಸಾಹೇಬ್ರ, ಗಿಟಾರು ಬೈಯಾಕತ್ತದೋ ಹೊಗಳಾಕತ್ತದೋ?"

"ಟಾಕ್ ಬಾಕ್ಸ್ ಅಂತಾರೆ ಇದನ್ನ," ಅಂದರು ಅವರು. "ಗಿಟಾರ್ ಸೌಂಡನ್ನ ಸ್ಪೀಕರಿಂದ ಒಂದು ಪೈಪಿಗೆ ಬಿಡ್ತಾರೆ. ಪೈಪನ್ನ ಬಾಯಲ್ಲಿ ಇಟ್ಕೊಂಡು ಬರೀ ತುಟಿ ನಾಲಿಗೆ ಆಡಿಸೋದು. ಮಾತಾಡಿದಂಗೆ ಕೇಳ್ಸತ್ತೆ. ಮುಂದೆ ಒಂದು ಮೈಕ್ ಇಟ್ರೆ ಆಯ್ತು."

"ಗಂಟಲು?"

"ಗಂಟಲು ಬೇಡ್ವೇ ಬೇಡ. ಬಾಯಿ ಸಾಕು."

ಅವರು ಮತ್ತೆ ನಕ್ಷೆಯ ಮೇಲೆ ಬಗ್ಗಿದರು. ನಾನು ಕಡತ ಹಿಡಿದು ಅಲ್ಲೇ ನಿಂತಿದ್ದೆ. ಸಹಿಗೆ ಬಂದವನು ಸಹಿ ಮರೆತು ಹೊರಟೆ.

ಅಣ್ಣನಿಗೆ ಹೇಳಿದೆ. ಅವನು ಪೂರ್ತಿ ಕೇಳುವ ಮೊದಲೇ ಎದ್ದು ಹಳೆಯದೊಂದು ಭೋಂಗಾವನ್ನು ಕೆಳಗಿಳಿಸಿ ಅದರ ಹಿಂದಿನ ಯೂನಿಟ್ಟನ್ನು ತಿರುಗಿಸಿ ಬಿಚ್ಚಿದ. ಭೋಂಗಾದ ಕಹಳೆ ಬರೀ ತಗಡು; ಸದ್ದು ಹುಟ್ಟುವುದು ಹಿಂದಿರುವ ಆ ತೆಂಗಿನಕಾಯಿ ಗಾತ್ರದ ಯೂನಿಟ್ಟಿನಲ್ಲಿ, ಅದರ ಸಣ್ಣ ಬಾಯಿಂದ. ಆ ಬಾಯಿಗೆ ಪೈಪು ಕೂಡಿಸಬೇಕಿತ್ತು. ಪೈಪು ನಮ್ಮ ಕಚೇರಿಯ ಉಗ್ರಾಣದಲ್ಲಿ ಸಿಕ್ಕಿತು. ಕಾಲುವೆಯ ಗೌಂಡಿಗಳು ನೀರು ತುಂಬಿ ಗೋಡೆಯ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು, ಕೆಲಸ ಮುಗಿದು ಮೂಲೆ ಸೇರಿದ್ದು. ಕೇಳಿ, ಒಪ್ಪಿಗೆ ಪಡೆದು, ಒಂದು ಗಜ ಕತ್ತರಿಸಿ ತಂದೆ. ಬಾಯಿಗೆ ಇಡುವ ವಸ್ತು ಎಂದು ವೈನಿ ಅದನ್ನು ಕುದಿಯುವ ನೀರಿಗೆ ಹಾಕಿದಳು. ಅದು ಬೆಂದ ಶಾವಿಗೆಯಂತೆ ಮೆತ್ತಗಾಗಿ ಬೆಳ್ಳಗೆ ತಿರುಗಿತು. ಮತ್ತೊಂದು ಗಜಕ್ಕೆ ಮತ್ತೊಮ್ಮೆ ಉಗ್ರಾಣಕ್ಕೆ ಹೋದೆ. ಈ ಸಲ ಬರೀ ಉಪ್ಪುನೀರಿನಲ್ಲಿ ತೊಳೆದೆವು.

ಯೂನಿಟ್ಟಿನ ಬಾಯಿಗೂ ಪೈಪಿಗೂ ಅಳತೆ ಹೊಂದಲಿಲ್ಲ. ನಡುವೆ ಸೀಮೆಎಣ್ಣೆಯ ಲಾಳಿಕೆ ಇಟ್ಟೆವು. ಸಂದಿಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಮೇಲೆ ಮೇಣ ಮೆತ್ತಿದೆವು. ಗಾಳಿ ಸೋರಿದರೆ ಸದ್ದು ಸೋರುತ್ತದೆ. ಗಾಳಿ ಸೋರುವುದನ್ನು ಹುಡುಕಲು ಅಣ್ಣ ಸೋಪಿನ ನೊರೆ ಹಚ್ಚಿ ಬೆರಳಿಂದ ತಡವುತ್ತಿದ್ದ, ಪಂಕ್ಚರ್ ತಿದ್ದುವವರ ಹಾಗೆ. ಗಿಟಾರನ್ನು ಆಂಪ್ಲಿಫೈಯರಿಗೆ ಕೊಟ್ಟು, ಆಂಪ್ಲಿಫೈಯರಿನ ತಂತಿಯನ್ನು ಯೂನಿಟ್ಟಿಗೆ ಕೊಟ್ಟು, ಯೂನಿಟ್ಟನ್ನೂ ಲಾಳಿಕೆಯನ್ನೂ ಒಂದು ಗುಲಾಬ್ ಜಾಮೂನಿನ ಖಾಲಿ ಡಬ್ಬಿಯಲ್ಲಿ ಅರಿವೆ ತುರುಕಿ ಕೂಡಿಸಿದೆವು. ವಿಜ್ಞಾನ ಅಲ್ಲಿಗೆ ಮುಗಿಯಿತು.

"ಇಬ್ಬರೂ ಸೇರಿ ಮನ್ಯಾಗ ಬೋರು ಹೊಡ್ಯಾಕತ್ತೀರೇನು?" ಎಂದು ವೈನಿ ಅಡುಗೆಮನೆಯಿಂದ ಕೇಳಿದಳು.

ಮೊದಲು ನಾನೇ ಪೈಪು ಕಚ್ಚಿ ತಂತಿ ಮೀಟಿದೆ. ಸದ್ದು ನೇರ ದವಡೆಗೆ ಇಳಿಯಿತು. ಹಲ್ಲು ಗದಗದ ನಡುಗಿ ತುಟಿ, ನಾಲಿಗೆ, ಕೆನ್ನೆ ಎಲ್ಲ ಜೋಮು ಹಿಡಿದವು. ಹಲ್ಲಿನ ಡಾಕ್ಟರು ಚುಚ್ಚಿದ ಮೇಲೆ ಆಗುವಂತೆ. ನನಗೇನೂ ವಿಶೇಷವೆನಿಸಲಿಲ್ಲ. ಆ ವರ್ಷ ಇಡೀ ನಾನು ಹಾಗೆಯೇ ಇದ್ದೆ. ಈಗ ಹಲ್ಲೂ ಸೇರಿಕೊಂಡವು ಅಷ್ಟೆ.

ಆಮೇಲೆ ಅಣ್ಣ ಪೈಪನ್ನು ಬಾಯಿಯ ಮೂಲೆಯಲ್ಲಿ ಇಟ್ಟುಕೊಂಡ. ಬೆರಳೆತ್ತಿದ. ನಾನು ಮೀಟಿದೆ. ಅವನು ತುಟಿ ಆಡಿಸಿದ.

"ನೀ...ರು," ಅಂತು ಡಬ್ಬಿ.

ಕುಡಿಯಲು ಕೇಳಿದನೋ, ಕಾಲುವೆಯದನ್ನು ಸಾರಿದನೋ ತಿಳಿಯಲಿಲ್ಲ. ಅಣ್ಣನ ಮಗಳು ಮಾತ್ರ ಒಂದು ತಂಬಿಗೆ ತಂದು ಅವನ ಮುಂದೆ ಇಟ್ಟಳು. ಅವನು ಕುಡಿದ.

ದಿನಾ ಸಂಜೆ ಅಭ್ಯಾಸ ಸುರುವಾಯಿತು. ಉಸಿರಿಲ್ಲದ ಬಾಯಿಗೆ ಎಲ್ಲ ಅಕ್ಷರಗಳೂ ದಕ್ಕುವುದಿಲ್ಲ. ಸ, ಶ ಬರುವುದೇ ಇಲ್ಲ. ಶಹಾಪುರ ಅಂದರೆ ಅಹಾಪುರ ಆಗುತ್ತಿತ್ತು, ಸುರಪುರ ಅಂದರೆ ಉರಪುರ. ಯಾದಗಿರಿ ಒಂದು ಮಾತ್ರ ಪೂರ್ತಿ ಬರುತ್ತಿತ್ತು. ಮುಂದೆ ಜಿಲ್ಲೆಯಾಗುವ ಯೋಗ್ಯತೆ ಆ ಊರಿಗೆ ಆಗಲೇ ಇತ್ತೆಂದು ಕಾಣುತ್ತದೆ. ಅದೃಷ್ಟಕ್ಕೆ "ಕೊಟ್ಟೀವಿ"ಯಲ್ಲಿ ಸ, ಶ ಇಲ್ಲ. ತಂತಿಯ ಕಾಟ ಬೇರೆ. ತೆಳು ತಂತಿ ಮೀಟಿದರೆ ಅಣ್ಣ ಹುಡುಗಿಯಂತೆ ಮಾತಾಡುತ್ತಿದ್ದ, ದಪ್ಪ ತಂತಿ ಮೀಟಿದರೆ ಯೂನಿಟ್ಟು ಕಟಕಟ ಒದರುತ್ತಿತ್ತು. ನಡುವಿನ ತಂತಿಯಲ್ಲಿ ಗಿಟಾರಿನ ಕತ್ತಿನ ಪಟ್ಟಿಗಳ ನಡುವಿನ ಒಂದೊಂದೇ ಮನೆ ದಾಟಿ ಮೇಲೆ ಸರಿಯುತ್ತ ಹೋದೆ. ಪ್ರತಿ ಮನೆಗೂ ಅಣ್ಣ ಅದೇ ಮಾತು ಹೇಳುತ್ತ ಬಂದ. ಕೊಟ್ಟೀವಿ. ಕೊಟ್ಟೀವಿ. ಒಂದು ಕಡೆ ಬೆರಳಿಟ್ಟು ಮೀಟಿದಾಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ನಾವಿಬ್ಬರೂ ಕಾದೆವು.

"ಅದೇ ಇರ್ಲಿ," ಅಂದಳು ವೈನಿ ಒಳಗಿಂದಲೇ.

ಮತ್ತೆ ರೊಟ್ಟಿಯ ಸದ್ದು ಕೇಳಿಸಿತು. ಗಿಟಾರಿನ ಆ ಜಾಗಕ್ಕೆ ನಾನು ಉಗುರುಬಣ್ಣದ ಚುಕ್ಕೆ ಇಟ್ಟೆ. ಅಣ್ಣನ ಮಗಳು ಬಣ್ಣ ಕೊಟ್ಟಳು.

ನಿಶ್ಚಯದ ದಿನ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಅಣ್ಣ ಮಾಳಿಗೆಯ ಮೇಲಿದ್ದ, ದೊಡ್ಡ ಭೋಂಗಾವನ್ನು ಬಸ್ ನಿಲ್ದಾಣದ ಕಡೆ ಮುಖ ಮಾಡಿ ಕಟ್ಟುತ್ತಿದ್ದ. ಯಾರ ಮನೆಯ ಕಾರ್ಯವಾದರೂ ಭೋಂಗಾ ಏರದೆ ಅದು ಕಾರ್ಯವಲ್ಲ ಎಂಬುದು ಅವನ ಧರ್ಮ. ತನ್ನ ಮನೆಯದಕ್ಕೆ ಬಿಡುತ್ತಾನೆಯೇ. ಶಹನಾಯಿಯ ಕ್ಯಾಸೆಟ್ ಹಾಕಿದ, ಓಣಿಯೆಲ್ಲ ಮೊಳಗಿತು. ಬೀಗರು ಸುರಪುರದ ಬಸ್ಸಿಗೆ ಬರುವವರಿದ್ದರು. ಇನ್ನೂ ಹೊತ್ತಿದೆ, ಕೊನೆಯದೊಂದು ಅಭ್ಯಾಸ ಆಗಲಿ ಎಂದು ಒಳಕೋಣೆಯಲ್ಲಿ ಕೂತೆವು. ನಾನು ಅಣ್ಣನ ಬಾಯಿ ಮುಂದೆ ಮೈಕ್ ಇಟ್ಟು ಗಿಟಾರು ಹೊಂದಿಸಿದೆ. ಅಣ್ಣ ಶಹನಾಯಿ ನಿಲ್ಲಿಸಿ, ಅದೇ ಕೈಯಿಂದ ಭೋಂಗಾದ ಆಂಪ್ಲಿಫೈಯರಿನ ಗುಂಡಿಯನ್ನು ಮೈಕಿನ ಕಡೆ ತಿರುಗಿಸಿದ. ಹಾಡು ನಿಂತರೆ ಗುಂಡಿ ಮೈಕಿಗೆ, ಮಾತು ಮುಗಿದರೆ ಗುಂಡಿ ಹಾಡಿಗೆ; ಇಷ್ಟು ವರ್ಷ ಆ ಕೈ ಅದನ್ನೇ ಮಾಡಿಕೊಂಡು ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ, ಅವನೂ ಗಮನಿಸಲಿಲ್ಲ. ಕೋಣೆಯ ಬಾಗಿಲು ಹಾಕಿತ್ತು. ಪೈಪಿನ ಸದ್ದು ನಮ್ಮಿಬ್ಬರ ಕಿವಿ ತುಂಬಿತ್ತು. ಮಾಳಿಗೆಯ ಮೇಲೆ ಏನಾಗುತ್ತಿದೆ ಎಂಬುದು ಮಾಳಿಗೆಯ ಕೆಳಗಿದ್ದ ನಮ್ಮಿಬ್ಬರಿಗೇ ಗೊತ್ತಾಗಲಿಲ್ಲ.

ಕೊಟ್ಟೀವಿ, ಅಂದ ಅಣ್ಣ. ಸರಿಯಾಗಿ ಬರಲಿಲ್ಲವೆಂದು ತಲೆಯಾಡಿಸಿದ. ಮತ್ತೆ ಅಂದ. ಈ ಸಲ "ಟ್ಟೀ" ಮೇಲೆ ಭಾರ ಹೆಚ್ಚಾಯಿತು. ಮತ್ತೆ.

ಯಾರೋ ಬಾಗಿಲು ತಟ್ಟಿದರು. ಓಣಿಯ ಮೂಲೆಮನೆಯ ಮುದುಕಿ, ಕೈಯಲ್ಲಿ ಚೀಲ.

"ಏನು ಕೊಡಾಕತ್ತೀರಪಾ?" ಅಂದಳು. "ಸಕ್ರಿನೋ, ಗೋದಿನೋ? ಕಾರ್ಡು ತರ್ಬೇಕೇನು?"

ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಚೀಲ ಹಿಡಿದು ನಿಂತಿದ್ದರು. ಈ ಭೋಂಗಾದಿಂದ ಇದುವರೆಗೆ ಬಂದ ಮಾತು ಹೆಚ್ಚಾಗಿ ಸರ್ಕಾರದ್ದು. ಹೀಗಾಗಿ ಕೊಟ್ಟೀವಿ ಅಂದದ್ದೂ ಸರ್ಕಾರವೇ ಎಂದು ಅವರು ತಿಳಿದದ್ದರಲ್ಲಿ ತಪ್ಪೇನಿಲ್ಲ. ಅಣ್ಣ ಗುಂಡಿಯ ಕಡೆ ನೋಡಿದ. ನಾನು ಅಣ್ಣನ ಕಡೆ ನೋಡಿದೆ. ಅವನು ಗುಂಡಿಯನ್ನು ಹಾಡಿನ ಕಡೆ ತಿರುಗಿಸಿ, ಪೈಪನ್ನು ಬಾಯಿಂದ ತೆಗೆದು ಅರಿವೆಯಲ್ಲಿ ಒರೆಸಿ ತೊಡೆಯ ಮೇಲೆ ಇಟ್ಟುಕೊಂಡ.

ಅಷ್ಟರಲ್ಲಿ ಬೀಗರು ಒಳಗೆ ಬಂದರು. ಹುಡುಗನ ತಂದೆ ಹೆಗಲಿಗೆ ಕಂಬಳಿ ಹೊದ್ದ ಎತ್ತರದ ಮುದುಕ. ಬಯಲಲ್ಲಿ ಕುರಿ ಕರೆದು ರೂಢಿಯಾದ ಗಂಟಲು, ಕೋಣೆಯೊಳಗೆ ಮಾತಾಡಿದರೂ ಹಳ್ಳದಾಚೆಗೆ ಕೇಳಬೇಕು. ಡಬ್ಬಿ, ಮೈಕು, ಆಂಪ್ಲಿಫೈಯರುಗಳನ್ನು ಪಡಸಾಲೆಗೆ ತಂದಿಟ್ಟೆವು, ಜಮಖಾನೆಯ ಮೇಲೆ ಎಲ್ಲರೂ ಕೂತರು. ನಾನು ಗಿಟಾರನ್ನು ತೊಡೆಗೆ ಏರಿಸಿ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟು ಸಿದ್ಧನಾದೆ. ಅಣ್ಣ ಪೈಪು ಹಿಡಿದು ಬೆನ್ನು ನೆಟ್ಟಗೆ ಮಾಡಿದ. ನಮ್ಮ ಕಡೆಯ ಹಿರಿಯರೊಬ್ಬರು ಕೆಮ್ಮಿ, "ಇನ್ನ ಮಾತಿಂದು ಆಗ್ಲಿ," ಅಂದರು.

"ಮಾತಿಂದು ಆಗ್ಯದಲ್ರಿ," ಅಂದ ಬೀಗ.

"ಯಾವಾಗ್ರಿ?"

"ಬಸ್ಸು ಇಳದು ಕಾಲು ನೆಲಕ್ಕ ಇಟ್ಟೀನಿ, ಮಾಳಿಗಿ ಮ್ಯಾಲಿನ ಭೋಂಗಾ ಕೊಟ್ಟೀವಿ ಅಂತು. ಒಮ್ಮೆ ಅಲ್ಲ, ಮ್ಯಾಲಿಂದ ಮ್ಯಾಲೆ. ಬೀಗ್ರು ಬಾಳ ಜಲ್ದಿ ಮಂದಿ ಅದಾರ ಅಂತ ನಾನೂ ಅಲ್ಲೇ ನಿಂತು ತಗೊಂಡೀವಿ ಅಂದೆ. ಬಾಳೆಹಣ್ಣಿನ ಬಂಡಿಯವ ಸಾಕ್ಷಿ ಅದಾನ, ಬೇಕಾದ್ರ ಕರಸ್ರಿ."

ನಮ್ಮ ಹಿರಿಯರು ಮುಖ ಮುಖ ನೋಡಿಕೊಂಡರು. "ಅದು ಖರೇ. ಆದ್ರ ಇಲ್ಲಿ ಕುಂತು ಇನ್ನೊಮ್ಮೆ ಅಂದ್ರ..."

"ಬ್ಯಾಡ್ರಿ," ಅಂದ ಮುದುಕ. "ಕೊಟ್ಟ ಜಬಾನು ಮತ್ತ ಕೊಡಸ್ಕೊಂಡ್ರ ಮೊದಲಿಂದರ ಮ್ಯಾಲೆ ನಂಬಿಕಿ ಇಲ್ಲ ಅಂದಂಗ. ನಮ್ಮ ಮನಿತನದಾಗ ಅದು ಇಲ್ಲ. ಸಕ್ರಿ ತರ್ರಿ."

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಮರ್ಯಾದೆಯೇ ಇತ್ತು. ಅದಕ್ಕೇ ಅದನ್ನು ಮೀರುವುದು ಯಾರಿಂದಲೂ ಆಗಲಿಲ್ಲ. ಸಕ್ಕರೆಯ ತಟ್ಟೆ ಬಂತು. ನನ್ನ ಬಾಯಿಗೂ ಹಾಕಿದರು. ಅಣ್ಣನ ಬಾಯಿಗೂ ಹಾಕಿದರು. ಅವನು ಹೇಳಬೇಕೆಂದು ಇಷ್ಟು ದಿನ ಹಲ್ಲು ನಡುಗಿಸಿಕೊಂಡ ಮಾತು ಆಗಿಹೋಗಿತ್ತು, ಓಣಿ ಕೇಳಿತ್ತು, ಬಾಳೆಹಣ್ಣಿನ ಬಂಡಿಯವ ಕೇಳಿದ್ದ. ಈ ಜಮಖಾನೆಯ ಮೇಲೆ ಮಾತ್ರ ಅದನ್ನು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ನಾನು ಚುಕ್ಕೆಯ ಮೇಲಿನ ಬೆರಳು ತೆಗೆದಿರಲಿಲ್ಲ. ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಈಗಲಾದರೂ ಏನಾದರೂ ಅನ್ನಿಸಬೇಕಲ್ಲ ಎಂದು ನೋಡಿದೆ. ಸಕ್ಕರೆ ಕರಗಿತು.

ಮಗಳನ್ನು ಕರೆದು ಕೂಡಿಸಿದರು, ಎದ್ದು ನಮಸ್ಕಾರ ಮಾಡಿಸಿದರು. ಹೆಂಗಸರು ಸೀರೆ ನೋಡಿದರು. ಅಣ್ಣ ಪೈಪಿನ ತುದಿಯನ್ನು ಉಗುರಿನಿಂದ ತಟ್ಟುತ್ತಿದ್ದ. ಅವನು ಎದ್ದು ಹೋಗುತ್ತಾನೆಂದೇ ನಾನು ತಿಳಿದಿದ್ದೆ. ಬಾಕು ಬಡಿದಂತೆ ನೆಲ ಬಡಿದಾನೆಂದೂ ಅನ್ನಿಸಿತು.

ಊಟದ ಹೊತ್ತಾಯಿತು. ಒಳಗಿಂದ ವೈನಿ ನನಗೆ ಸನ್ನೆ ಮಾಡಿದಳು, ಎಬ್ಬಿಸು ಎಂದು. ನಾನು ಬಾಯಿ ತೆರೆದೆ. ಅಣ್ಣ ಬೆರಳೆತ್ತಿದ.

ನನ್ನನ್ನು ಸುಮ್ಮನಿರಿಸಲು ಎತ್ತಿದ ಬೆರಳಲ್ಲ ಅದು, ಮೀಟು ಎಂದು ಎತ್ತಿದ್ದು. ಪೈಪು ಆಗಲೇ ಅವನ ಬಾಯಿಯ ಮೂಲೆಗೆ ಹೋಗಿತ್ತು. ಇನ್ನೊಂದು ಕೈ ಆಂಪ್ಲಿಫೈಯರಿನ ಮೇಲಿತ್ತು. ಗುಂಡಿ ಹಾಡಿನ ಕಡೆ ಇದ್ದದ್ದನ್ನು ಈ ಸಲ ಅವನು ನೋಡಿದ. ನೋಡಿಯೇ ಮೈಕಿನ ಕಡೆ ತಿರುಗಿಸಿದ. ನಾನು ಮೀಟಿದೆ.

"ಉಣ್ಣಾಕ ಏಳ್ರಿ," ಅಂದ ಅಣ್ಣ.

ಒಳಗೂ ಕೇಳಿತು, ಮಾಳಿಗೆಯ ಮೇಲಿಂದ ಬಸ್ ನಿಲ್ದಾಣದವರೆಗೂ ಕೇಳಿತು. ಒಂದು ಅಕ್ಷರವೂ ಬಿದ್ದಿರಲಿಲ್ಲ. ಬೀಗ ಅವನ ಬಾಯಿ ನೋಡಿದ, ಪೈಪು ನೋಡಿದ, ಡಬ್ಬಿ ನೋಡಿದ. ಆಮೇಲೆ ಕಂಬಳಿ ಸರಿಮಾಡಿಕೊಂಡು ಮೊಣಕಾಲಿಗೆ ಕೈಯೂರಿ ಎದ್ದ.

"ಏಳ್ರೆಪ್ಪಾ," ಅಂದ ತನ್ನವರಿಗೆ. "ಮನಿ ಯಜಮಾನ್ರು ಕರ್ಯಾಕತ್ತಾರ."

ಎಲ್ಲರೂ ಎದ್ದರು. ಪಂಕ್ತಿಗೆ ಮೊದಲ ಸಾಲು ಕೂಡುವುದರೊಳಗೆ ಮೂಲೆಮನೆಯ ಮುದುಕಿ ಬಂದಳು, ಚೀಲ ಬಿಟ್ಟು ತಂಬಿಗೆ ಹಿಡಿದು. ಅವಳ ಹಿಂದೆ ಆ ಇಬ್ಬರು, ಅವರ ಹಿಂದೆ ಅವರ ಮಕ್ಕಳು, ಸೈಕಲ್ ಅಂಗಡಿಯವ, ಬಂಡಿಯನ್ನು ಯಾರಿಗೋ ಒಪ್ಪಿಸಿ ಬಾಳೆಹಣ್ಣಿನವ. ಭೋಂಗಾದಲ್ಲಿ ಕರೆದ ಮೇಲೆ ಬಾರದಿರುವುದು ಸರಿಯಲ್ಲವಲ್ಲ.

ವೈನಿ ಬಾಗಿಲಲ್ಲಿ ಸೌಟು ಹಿಡಿದು ನಿಂತು ಓಣಿಯ ಉದ್ದಕ್ಕೂ ನೋಡಿದಳು. "ಗುಂಡಿ ತಿರುವಿದ್ದು ಕಾಣಲಿಲ್ಲೇನು ನಿಮಗ? ಇಷ್ಟು ಮಂದಿಗಿ ಹೋಳಿಗಿ ಎಲ್ಲಿಂದ ತರ್ಲಿ?"

ಅಣ್ಣ ಪೈಪನ್ನು ಬಾಯಿಂದ ತೆಗೆದಿದ್ದ. ಉತ್ತರ ಕೊಡಬೇಕಾದರೆ ನಾನು ಮೀಟಬೇಕಿತ್ತು. ಅವನು ನನಗೆ ಸನ್ನೆ ಮಾಡಲಿಲ್ಲ. ಎದ್ದು ಹೋಗಿ ಸಾರಿನ ಬಕೀಟು ಎತ್ತಿಕೊಂಡು ಮೊದಲ ಎಲೆಯಿಂದ ಬಡಿಸುತ್ತ ಹೊರಟ. ನಾನು ಡಬ್ಬಿಯ ಪಕ್ಕ ಗಿಟಾರು ಒರಗಿಸಿದೆ. ತಂತಿ ಸ್ವಲ್ಪ ಇಳಿದಿತ್ತು, ಏರಿಸಿದೆ. ಆಮೇಲೆ ನೀರಿನ ಕೊಡ ಹಿಡಿದು ಅವನ ಹಿಂದೆ ನಡೆದೆ.